ವಾರಕ್ಕೆ ಏಳೇ ದಿನ

ಸೆಪ್ಟೆಂಬರ್ 18, 2024, ಬುಧವಾರ, ರೆಡಿಂಗ್, ಇಂಗ್ಲೆಂಡ್

ಕರೆಂಟ್ ಬಿಲ್ಲು ಅಂದುಕೊಂಡು ಲಕೋಟೆ ಒಡೆದೆ. ಜ್ಯೂರಿಗೆ ಕರೆ! ನವೆಂಬರ್ 4ರಿಂದ ಹತ್ತು ಕೆಲಸದ ದಿನ ಇಲ್ಲಿನ ಕ್ರೌನ್ ಕೋರ್ಟಿಗೆ ಹಾಜರಾಗಬೇಕು. ಏಳು ದಿನದೊಳಗೆ ಉತ್ತರ ಕೊಡಬೇಕು.

ನನ್ನ ಪಾಸ್‌ಪೋರ್ಟು ಇನ್ನೂ ಭಾರತದ್ದೇ, ಯಾರೋ ತಪ್ಪಿ ಕಳಿಸಿದ್ದಾರೆ ಎಂದೆ. ತಪ್ಪಲ್ಲವಂತೆ. ಕಾಮನ್‌ವೆಲ್ತ್ ದೇಶದವರು ಇಲ್ಲಿ ನೆಲೆಸಿದ್ದರೆ ಮತದಾರರಾಗಬಹುದು. ಪಟ್ಟಿಯಲ್ಲಿ ಹೆಸರಿದ್ದು, ಐದು ವರ್ಷ ಇಲ್ಲಿದ್ದು, ವಯಸ್ಸು 18ರಿಂದ 75ರೊಳಗಿದ್ದರೆ ಚೀಟಿ ಎತ್ತಿದ ಹಾಗೆ ಯಾರ ಹೆಸರಾದರೂ ಬರಬಹುದು. ದಾವಣಗೆರೆಯಲ್ಲಿ ಒಂದು ಓಟು ಹಾಕಬೇಕಾದರೆ ನಾನು ವಿಮಾನ ಹತ್ತಿ ಖುದ್ದಾಗಿ ಹೋಗಬೇಕು. ಇಲ್ಲಿ ಒಬ್ಬ ಮನುಷ್ಯ ಜೈಲಿಗೆ ಹೋಗಬೇಕೋ ಮನೆಗೆ ಹೋಗಬೇಕೋ ಎನ್ನುವುದರಲ್ಲಿ ನನ್ನದೂ ಒಂದು ಮಾತು.

ಅಪ್ಪಾಜಿಗೆ ಫೋನ್ ಮಾಡಿದೆ. "ನಮ್ಮಲ್ಲೂ ಇತ್ತು ಕಣವ್ವ. ನಾನಾವತಿ ಕೇಸು ಕೇಳಿಲ್ವಾ?" ಎಂದು ಶುರು ಮಾಡಿದವರು ಅರ್ಧ ಗಂಟೆ ಬಿಡಲಿಲ್ಲ. ಕೊಲೆ ಆರೋಪ ಹೊತ್ತ ನಾನಾವತಿಯನ್ನು 1959ರಲ್ಲಿ ಬೊಂಬಾಯಿ ಜ್ಯೂರಿಯ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ನಿರ್ದೋಷಿ ಎಂದದ್ದು, ಹೈಕೋರ್ಟು ಅದನ್ನು ತಳ್ಳಿಹಾಕಿ ಜೀವಾವಧಿ ಕೊಟ್ಟದ್ದು, ಕೊನೆಗೆ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇಲ್ಲವಾದದ್ದು, ಎಲ್ಲ ಆಯಿತು. ನನ್ನ ಚಿಂತೆ ಬೇರೆ. ಮಧ್ಯಾಹ್ನ ಮೂರೂಕಾಲಿಗೆ ಮಕ್ಕಳನ್ನು ಶಾಲೆಯಿಂದ ಕರೆತರುವವರು ಯಾರು?

ಅಕ್ಟೋಬರ್ 20, ಭಾನುವಾರ

ನಮ್ಮ ಸಂಸಾರ ಒಂದು ಹಗ್ಗದ ಮೇಲೆ ನಿಂತಿದೆ. ಇವರು ಸೋಮವಾರದಿಂದ ಶುಕ್ರವಾರ ಆಫೀಸು. ನಾನು ಶನಿವಾರ, ಭಾನುವಾರ ವೃದ್ಧರ ಕೇರ್ ಹೋಮಿನಲ್ಲಿ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು. ವಾರದಲ್ಲಿ ಮಕ್ಕಳು ನನಗೆ, ವಾರಾಂತ್ಯದಲ್ಲಿ ಅವರಿಗೆ. ನಾಲ್ಕು ಜನ ಒಟ್ಟಿಗೆ ಕೂತು ಉಣ್ಣುವುದು ರಾತ್ರಿ ಮಾತ್ರ, ಅದೂ ಐದೇ ರಾತ್ರಿ.

ಇವತ್ತು ಮ್ಯಾನೇಜರ್ ಹತ್ತಿರ ಕೇಳಿದೆ. ಎರಡು ವಾರ ಕೋರ್ಟು, ನಡುವಿನ ಶನಿವಾರ ಒಂದಾದರೂ ರಜೆ ಬೇಕು, 9ನೇ ತಾರೀಕು, ಮಗಳ ರಾಜ್ಯೋತ್ಸವ ಕಾರ್ಯಕ್ರಮ. ಆಕೆ ಗೋಡೆಯ ಮೇಲಿನ ರೋಟಾ ನೋಡಿದರು. ಕೋರ್ಟು ಶನಿವಾರ ನಡೆಯುವುದಿಲ್ಲ, ನಿಮ್ಮ ಪಾಳಿ ಇರುವುದೇ ಶನಿವಾರ, ಒಂದಕ್ಕೊಂದು ಅಡ್ಡ ಬರುವುದಿಲ್ಲವಲ್ಲ ಎಂದರು. ಲೆಕ್ಕ ಸರಿಯೇ. ಆ ಲೆಕ್ಕದಲ್ಲಿ ನಾನು ಮಲಗುವ ದಿನ ಯಾವುದು ಎಂಬ ಕಲಮು ಇಲ್ಲ, ಅಷ್ಟೆ.

ಸೇವೆಯನ್ನು ಒಂದು ಸಲ, ಹನ್ನೆರಡು ತಿಂಗಳೊಳಗಿನ ಬೇರೆ ದಿನಕ್ಕೆ ಮುಂದೂಡಿಸಿಕೊಳ್ಳಬಹುದು. ಯಾವ ತಿಂಗಳಿಗೆ ಮುಂದೂಡಿದರೂ ವಾರಕ್ಕೆ ಏಳೇ ದಿನ. ಸುಮ್ಮನಾದೆ.

ನವೆಂಬರ್ 2, ಶನಿವಾರ

ಬಲಿಪಾಡ್ಯಮಿ. ಹೋಳಿಗೆ ಮಾಡಿದವರು ಇವರು, ತಿಂದವರು ಮಕ್ಕಳು. ನನ್ನ ಪಾಲಿಗೆ ರಾತ್ರಿ ಎರಡು ಉಳಿದಿದ್ದವು, ಅಂಚು ಸೀದಿತ್ತು. ಕೊಟ್ಟಾಯಂ ಕಡೆಯ ಸಹೋದ್ಯೋಗಿ ಒಪ್ಪಿದಳು: 9ನೇ ತಾರೀಕು ಆಕೆ ನನ್ನ ಪಾಳಿ ಮಾಡುತ್ತಾಳೆ, ಕ್ರಿಸ್‌ಮಸ್ ದಿನ ನಾನು ಅವಳದ್ದು. ಅವಳಿಗೆ ಆ ದಿನ ಚರ್ಚು, ಮನೆ ತುಂಬ ನೆಂಟರು. ನಷ್ಟ ಯಾರಿಗೆಂದು ಇನ್ನೂ ಲೆಕ್ಕ ಹಾಕಿಲ್ಲ.

ನವೆಂಬರ್ 4, ಸೋಮವಾರ

ಇಡೀ ದಿನ ಕಾಯುವ ಕೋಣೆ. ಒಬ್ಬಾಕೆ ಹೆಣೆದು ಹೆಣೆದು ಒಂದು ಕಾಲುಚೀಲ ಮುಗಿಸಿದಳು. ಮಧ್ಯಾಹ್ನ ಪಕ್ಕದ ಫೋರ್ಬರಿ ತೋಟದಲ್ಲಿ, ಮೈವಾಂದ್ ಸಿಂಹದ ಎದುರು, ಮಂಡಕ್ಕಿ ಒಗ್ಗರಣೆ ಡಬ್ಬಿ ಬಿಚ್ಚಿದೆ. 1880ರಲ್ಲಿ ಅಫ್ಘಾನಿಸ್ತಾನದಲ್ಲಿ ಸತ್ತ ಇಲ್ಲಿನ ದಂಡಿನವರ ನೆನಪಿಗೆ ನಿಲ್ಲಿಸಿದ ಸಿಂಹ. ಒಬ್ಬಳೇ, ಮಕ್ಕಳಿಲ್ಲದೆ, ಹಗಲು ಹೊತ್ತಿನಲ್ಲಿ ಊಟ ಮಾಡಿ ಎಷ್ಟು ವರ್ಷವಾಗಿತ್ತೋ. ಖುಷಿಯಾಯಿತು ಎಂದು ಬರೆಯಲು ನಾಚಿಕೆ, ಆದರೂ ಬರೆದಿದ್ದೇನೆ.

ನವೆಂಬರ್ 5, ಮಂಗಳವಾರ

ಹದಿನೈದು ಜನರನ್ನು ಒಳಗೆ ಕರೆದರು, ಚೀಟಿ ಕಲೆಸಿ ಹನ್ನೆರಡು ಹೆಸರು ಕೂಗಿದರು. ನನ್ನದು ಒಂಬತ್ತನೆಯದು. ಯಾವ ಗ್ರಂಥದ ಮೇಲೆ ಪ್ರಮಾಣ ಎಂದು ಕೇಳಿದಾಗ ಒಂದು ಗಳಿಗೆ ತಡವರಿಸಿದೆ. ಭಗವದ್ಗೀತೆ ಇತ್ತು. ನಮ್ಮ ಮನೆಯಲ್ಲಿ ಮುಟ್ಟಿ ಆಣೆ ಮಾಡುವ ಪುಸ್ತಕ ಅದಲ್ಲ. ವಚನದ ಕಟ್ಟು ಅವರ ಹತ್ತಿರ ಎಲ್ಲಿಂದ ಬರಬೇಕು? ಗ್ರಂಥವಿಲ್ಲದೆ ಬರೀ ಮಾತಿನಲ್ಲಿ ದೃಢೀಕರಿಸುವುದೂ ಉಂಟು ಎಂದರು. ಕೊರಳಿನ ಕರಡಿಗೆಯನ್ನು ಕೋಟಿನ ಮೇಲಿಂದಲೇ ಮುಟ್ಟಿಕೊಂಡು, ಕಾಗದ ನೋಡಿ ಓದಿದೆ. ದನಿ ನಡುಗಿತು.

ರಾತ್ರಿ ಬೀದಿಯಲ್ಲೆಲ್ಲ ಪಟಾಕಿ, ಇಲ್ಲಿನವರ ಬಾನ್‌ಫೈರ್ ಹಬ್ಬ. ಸಣ್ಣವನು ದೀಪಾವಳಿ ಇನ್ನೂ ಮುಗಿದಿಲ್ಲ ಎಂದುಕೊಂಡಿದ್ದಾನೆ. ಕೇಸು ಏನು ಎಂದು ಇವರು ಕೇಳಿದರು. ಹೇಳುವಂತಿಲ್ಲ ಎಂದೆ. "ನನಗೂನಾ?" "ನಿಮಗೂ." ಜ್ಯೂರಿ ಕೋಣೆಯ ಮಾತನ್ನು ಕೇಸು ಮುಗಿದ ಮೇಲೂ ಆಡಿದರೆ ಅಪರಾಧ. ಹಾಗಾಗಿ ಇಲ್ಲೂ ಬರೆಯುವುದಿಲ್ಲ.

ನವೆಂಬರ್ 8, ಶುಕ್ರವಾರ

ಹನ್ನೆರಡಕ್ಕೇ ಮನೆಗೆ ಕಳಿಸಿದರು. ಚೈಲ್ಡ್‌ಮೈಂಡರಿಗೆ ಆಗಲೇ ದುಡ್ಡು ಕಟ್ಟಿಯಾಗಿತ್ತು, ದಿನಕ್ಕೆ 36 ಪೌಂಡು. ಕೋರ್ಟು ತುಂಬಿಕೊಡುವುದು ಸಂಬಳದ ನಷ್ಟ, ಮಕ್ಕಳನ್ನು ನೋಡಿಕೊಳ್ಳುವ ಖರ್ಚು ಎಲ್ಲ ಸೇರಿ ಮೊದಲ ಹತ್ತು ದಿನ ದಿನಕ್ಕೆ ಹೆಚ್ಚೆಂದರೆ 64.95 ಪೌಂಡು, ನಾಲ್ಕು ಗಂಟೆಯೊಳಗಿನ ದಿನಕ್ಕೆ 32.47. ವಾರದ ದಿನಗಳಲ್ಲಿ ನನಗೆ ಸಂಬಳವಿಲ್ಲ, ಆದ್ದರಿಂದ ನಷ್ಟವೂ ಇಲ್ಲ. ಮಕ್ಕಳನ್ನು ನಾನು ನೋಡಿಕೊಂಡರೆ ಅದಕ್ಕೆ ಬೆಲೆಯಿಲ್ಲ, ಬೇರೆಯವರು ನೋಡಿಕೊಂಡರೆ ರಸೀದಿ.

ನವೆಂಬರ್ 9, ಶನಿವಾರ

ಶಾಲೆಯೊಂದರ ಹಾಲಿನಲ್ಲಿ ರಾಜ್ಯೋತ್ಸವ. ಕೆಂಪು ಹಳದಿ ಬಾವುಟ, ಕುರ್ಚಿ ಸಾಲು, ಹಾಲಿನ ತುಂಬ ಬಿಸಿಬೇಳೆ ಬಾತಿನ ಘಮ. ಇವರು ಎಡಕ್ಕೆ, ಸಣ್ಣವನು ತೊಡೆಯ ಮೇಲೆ. ಮಗಳ ತಂಡ ನಾಲ್ಕನೆಯದು. ಎರಡನೆಯದರವರೆಗೆ ನೆನಪಿದೆ. ಆಮೇಲೆ ಇವರು ಮೊಣಕೈಯಲ್ಲಿ ತಿವಿದರು, ಎದ್ದು ನೋಡಿದರೆ ಚಪ್ಪಾಳೆ, ಮಗಳು ವೇದಿಕೆಯಿಂದ ಇಳಿಯುತ್ತಿದ್ದಾಳೆ. ಕ್ರಿಸ್‌ಮಸ್ ಕೊಟ್ಟು ಕೊಂಡ ದಿನ! ಅವಳು ಕೇಳಿದ್ದಕ್ಕೆ ಚೆನ್ನಾಗಿ ಹಾಡಿದೆ ಎಂದೆ. ಸತ್ಯವನ್ನೇ ಹೇಳುವ ಮುಖದಲ್ಲಿ ಒಂದು ಸುಳ್ಳು.

ನವೆಂಬರ್ 10, ಭಾನುವಾರ

ಏಳನೇ ಕೋಣೆಯ ಅಜ್ಜಿಗೆ 94. ಬೆಳಿಗ್ಗೆ ತಲೆ ಬಾಚುವಾಗ ಜ್ಯೂರಿ ವಿಷಯ ಹೇಳಿದೆ. ತನ್ನ ಕಾಲದಲ್ಲಿ ಆ ಕಾಗದ ಗಂಡನಿಗೆ ಬರುತ್ತಿತ್ತು, ತನಗಲ್ಲ ಎಂದಳು. ಮನೆ ಅವನ ಹೆಸರಿನಲ್ಲಿತ್ತು. ಹೆಂಗಸರು ಜ್ಯೂರಿಯಲ್ಲಿ ಕೂರಬಹುದೆಂದು 1919ರಲ್ಲೇ ಕಾನೂನಾದರೂ, 1974ರವರೆಗೆ ಮನೆಯ ಯಜಮಾನಿಕೆ ಇದ್ದವರಿಗೇ ಕರೆ. ಅವನು ಮೂರು ದಿನ ಹೋಗಿ ಬಂದನಂತೆ. ಆ ಮೂರು ದಿನ ಅವನ ಅಂಗಡಿ ನೋಡಿಕೊಂಡವಳು ತಾನು, ಮಕ್ಕಳನ್ನೂ. ಕೇಸು ಏನಂತ ಅವನೂ ಬಾಯಿ ಬಿಡಲಿಲ್ಲವಂತೆ. "ಹೇಳುವಂಥದ್ದು ಏನೂ ಇರಲಿಲ್ಲ ಅನ್ನಿಸುತ್ತೆ" ಎಂದು ನಕ್ಕಳು.

ನವೆಂಬರ್ 11, ಸೋಮವಾರ

ಹನ್ನೊಂದು ಗಂಟೆಗೆ ಎಲ್ಲರೂ ಎದ್ದು ಎರಡು ನಿಮಿಷ ಮೌನ. ಕಟಕಟೆಯಲ್ಲಿದ್ದವನೂ ತಲೆ ತಗ್ಗಿಸಿ ನಿಂತಿದ್ದ. ಇಷ್ಟು ಬರೆಯಬಹುದು ಅಂದುಕೊಂಡಿದ್ದೇನೆ.

ನವೆಂಬರ್ 14, ಗುರುವಾರ

ಮುಗಿಯಿತು. ನ್ಯಾಯಾಧೀಶರು ನಮಗೆ ವಂದನೆ ಹೇಳಿದರು, ನಾಳೆ ಬರಬೇಕಾಗಿಲ್ಲ ಎಂದರು. ಬಸ್ಸಿನಲ್ಲಿ ನನ್ನ ಎದುರಿಗೆ ಜ್ಯೂರಿಯ ಇನ್ನೊಬ್ಬರು ಕೂತಿದ್ದರು. ಇಬ್ಬರೂ ಕಿಟಕಿ ನೋಡಿದೆವು. ಮನೆಗೆ ಬಂದು ಮಕ್ಕಳನ್ನು ಅಪ್ಪಿಕೊಂಡು ಬಹಳ ಹೊತ್ತು ಕೂತೆ. ದೊಡ್ಡವಳು, "ಅವ್ವ, ಉಸಿರು ಕಟ್ಟುತ್ತೆ" ಎಂದಳು.

ನವೆಂಬರ್ 15, ಶುಕ್ರವಾರ

ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು ಮಲಗಿದವಳು ಎದ್ದದ್ದು ಎರಡೂವರೆಗೆ. ಒಲೆ ಹಚ್ಚಲಿಲ್ಲ.

ಡಿಸೆಂಬರ್ 3, ಮಂಗಳವಾರ

ಕೋರ್ಟಿನ ದುಡ್ಡು ಬಂತು. ಒಂಬತ್ತು ದಿನಕ್ಕೆ ಮಕ್ಕಳ ಖರ್ಚು 320.47, ಊಟ 51.39, ಬಸ್ಸು 36. ಒಟ್ಟು 407.86 ಪೌಂಡು. ಕೇರ್ ಹೋಮಿನ ಗೋಡೆಯ ಮೇಲೆ ಹೊಸ ರೋಟಾ ಅಂಟಿಸಿದ್ದಾರೆ. ಡಿಸೆಂಬರ್ 25, ಬುಧವಾರ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು: ನನ್ನ ಹೆಸರು.