ಮಡಿಕೇರಿಯಲ್ಲಿ ಎಷ್ಟು ಜನ?

ನಾನು ಬರೆದ ಮೊದಲ ಸುದ್ದಿಗಳಲ್ಲೊಂದು ಮಡಿಕೇರಿಯ ಕುಡಿಯುವ ನೀರಿನ ಬಗ್ಗೆ. ‘2011ರ ಜನಗಣತಿ ಪ್ರಕಾರ ನಗರದ ಜನಸಂಖ್ಯೆ 33,381’ ಎಂದು ಶುರು ಮಾಡಿದ್ದೆ. ನಮ್ಮ ಬೀದಿಗೆ ನೀರು ಬಿಡುವ ಅಣ್ಣ ಅದನ್ನು ಓದಿ ಕೇಳಿದರು: “ಇದು ಸೋಮವಾರದ ಲೆಕ್ಕವೋ, ಶನಿವಾರದ್ದೋ?”

ನಕ್ಕು ಸುಮ್ಮನಾದೆ. ಆಮೇಲೆ ನಮ್ಮ ಮನೆಯನ್ನೇ ನೋಡಿದೆ. ಗಣತಿಯವರು ಬಂದಾಗ ನಾವು ನಾಲ್ವರು. ಈಗ ಎರಡು ಕೋಣೆ ಹೋಂಸ್ಟೇಗೆ. ಸಾಲು ರಜೆ ಬಂದರೆ ಎಂಟು ಮಂದಿ ಅತಿಥಿಗಳು. ನಾವು ಅಡುಗೆಮನೆಯ ಪಕ್ಕ ಚಾಪೆ ಹಾಸುತ್ತೇವೆ. ಅವರಿಗೆ ನೀರು ಸಾಲಲಿ ಎಂದು ಅಮ್ಮ ನಮ್ಮ ಬಟ್ಟೆಗಳನ್ನು ಮಂಗಳವಾರದವರೆಗೆ ಒಗೆಯುವುದಿಲ್ಲ.

ಜನಗಣತಿ ಎಣಿಸುವುದು ಊರಲ್ಲಿ ನೆಲೆಸಿದವರನ್ನು, ರಾಜಾಸೀಟು ನೋಡಿ ಹೋಗುವವರನ್ನಲ್ಲ. ಅದು ಗಣತಿಯ ತಪ್ಪೂ ಅಲ್ಲ. ಆದರೆ ಕೂಟುಹೊಳೆಯ ನೀರಿಗೆ, ಕಸದ ಗಾಡಿಗೆ ಆ ವ್ಯತ್ಯಾಸ ತಿಳಿಯದು. ದಸರಾದ ದಶಮಂಟಪ ನೋಡಲು ಊರು ತುಂಬುತ್ತದೆ. ಬೆಳಗಾದರೆ ರಸ್ತೆ ಗುಡಿಸುವುದು ಅದೇ ಪೌರಕಾರ್ಮಿಕರು. 2021ರಲ್ಲಿ ಆಗಬೇಕಿದ್ದ ಗಣತಿಯೂ ಮುಂದಕ್ಕೆ ಹೋಯಿತು.

ಪ್ರವಾಸಿಗರನ್ನು ದೂರಲಾರೆ. ನನ್ನ ಪತ್ರಿಕೋದ್ಯಮದ ಫೀಸು ಕಟ್ಟಿದ್ದು ಆ ಎರಡು ಕೋಣೆಗಳ ಬಾಡಿಗೆಯಿಂದಲೇ. ಆದರೆ ಈಗ ಯಾವ ಊರಿನ ಜನಸಂಖ್ಯೆ ಬರೆಯುವಾಗಲೂ ಕೈ ಒಂದು ಕ್ಷಣ ನಿಲ್ಲುತ್ತದೆ. ಆ ಅಣ್ಣನಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.