ಮಲ್ಪೆಯ ದಕ್ಕೆಯಲ್ಲಿ ಬಣ್ಣದ ಡಬ್ಬಿ

ವಳಕಮದಿನ್ನಿಯ ನಮಗೆ ದೋಣಿ ಅಂದರೆ ಹರಿಗೋಲು. ಕೃಷ್ಣೆಯಲ್ಲೋ ತುಂಗಭದ್ರೆಯಲ್ಲೋ ತಿರುತಿರುಗಿ ದಡ ಸೇರುವ ಬಿದಿರಿನ ದುಂಡು ಬುಟ್ಟಿ. ಹಾಗಾಗಿ ಉಡುಪಿ ಪಕ್ಕದ ಮಲ್ಪೆ ಬಂದರು ಕಂಡಾಗ ಮಗಳು ಬಣ್ಣದ ಡಬ್ಬಿ ತೆರೆಯುವುದನ್ನೇ ಮರೆತಳು.

ಜೂನ್, ಜುಲೈನಲ್ಲಿ ಮೀನುಗಾರಿಕೆಗೆ ನಿಷೇಧವಿರುವಾಗ ಇಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ನಾವು ಹೋದದ್ದು ಡಿಸೆಂಬರಿನಲ್ಲಿ. ದಕ್ಕೆಯ ತುಂಬ ಮಂಜುಗಡ್ಡೆ, ಬುಟ್ಟಿಗಟ್ಟಲೆ ಬಂಗುಡೆ, ಮೇಲೆ ಹದ್ದುಗಳು. ಗೆರೆ ಎಳೆಯುವಷ್ಟರಲ್ಲಿ ಬೋಟು ಸರಿದೇ ಹೋಗುತ್ತಿತ್ತು!

"ಗೆರೆ ಬಿಡವ್ವಾ, ಬರೇ ಬಣ್ಣ ಹಚ್ಚು" ಎಂದೆ. ಫ್ರಾನ್ಸಿನ ಲ ಹಾವ್ರ್ ಬಂದರನ್ನು 1872ರಲ್ಲಿ ಕ್ಲೋದ್ ಮೊನೆ ಬರೆದದ್ದೂ ಹಾಗೆಯೇ: ಮಂಜು, ಕಿತ್ತಳೆ ಸೂರ್ಯ, ಕಪ್ಪು ಮಚ್ಚೆಯಂಥ ದೋಣಿಗಳು. ವಿಮರ್ಶಕನೊಬ್ಬ ಗೇಲಿ ಮಾಡಿದ. ಕೊನೆಗೆ ಆ ಚಿತ್ರದ ಹೆಸರಿನಿಂದಲೇ 'ಇಂಪ್ರೆಷನಿಸಂ' ಎಂಬ ಪಂಥಕ್ಕೆ ಹೆಸರು ಬಂತು.

ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ಬಗ್ಗಿ ನೋಡಿದರು. "ಚಂದ ಉಂಟು. ಆದರೆ ಇದು ಯಾವ ಬೋಟು? ಹೆಸರೇ ಇಲ್ಲವಲ್ಲ?"

ಇಲ್ಲಿ ಹೆಸರು ಬರೀ ಅಲಂಕಾರವಲ್ಲ. 2018ರ ಡಿಸೆಂಬರಿನಲ್ಲಿ ಏಳು ಮೀನುಗಾರರೊಂದಿಗೆ ಇದೇ ಬಂದರಿನಿಂದ ಹೊರಟ 'ಸುವರ್ಣ ತ್ರಿಭುಜ' ತಿರುಗಿ ಬರಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕಡಲ ತಳದಲ್ಲಿ ನೌಕಾಪಡೆಗೆ ಅದರ ಅವಶೇಷ ಸಿಕ್ಕಿತು. ಮನೆಯವರನ್ನು ಕಾಯುವವರು ಬೋಟಿನ ಬಣ್ಣವನ್ನಲ್ಲ, ಹೆಸರನ್ನು ಹುಡುಕುತ್ತಾರೆ.

"ನಿಮ್ಮದು ಯಾವುದು, ತಾತ?" ಮಗಳು ಕೇಳಿದಳು. ಅವರು ಬೆರಳು ತೋರಿದರು. ಹಸಿ ನೀಲಿಯ ಮೇಲೆಯೇ ಅವಳು ಬಿಳಿ ಬಣ್ಣದಲ್ಲಿ ಆ ಬೋಟಿನ ಹೆಸರು ಬರೆದಳು. ಅಕ್ಷರ ತುಸು ಕಲೆಸಿಹೋಯಿತು.

"ಅಡ್ಡಿಯಿಲ್ಲ, ಓದಲಿಕ್ಕೆ ಆಗ್ತದೆ" ಎಂದು ಅವರು ಮತ್ತೆ ಬಲೆ ಕೈಗೆತ್ತಿಕೊಂಡರು.