ಎಲ್ಲರ ಪಾಲಿಗೂ ಒಂಬತ್ತು ಚೌಕ

ಹುಟ್ಟುಹಬ್ಬದ ಕೇಕಿನ ಸುತ್ತ ಮಕ್ಕಳು ನೆರೆದರೆ ಮೊದಲು ಏಳುವ ಪ್ರಶ್ನೆ, ಗುಲಾಬಿ ಯಾರಿಗೆ? ಐಸಿಂಗಿನಲ್ಲಿ ಅರಳಿಸಿದ ಗುಲಾಬಿ ಇರುವುದು ಒಂದೋ ಎರಡೋ, ಕೈ ಚಾಚುವವರು ಹತ್ತು ಮಂದಿ. ಹೆಸರಿನ ಅಕ್ಷರ ಹುಟ್ಟುಹಬ್ಬದ ಮಗುವಿಗೆ, ಅಂಚಿನ ಚೆರ್ರಿ ಗಟ್ಟಿಯಾಗಿ ಕೇಳಿದ ಮಗುವಿಗೆ. ಹಿಂದೆ ನಿಂತ ಸಂಕೋಚದ ಮಗುವಿಗೆ ಸಿಗುವುದು ಬರೀ ಕೇಕು. ಚೆಕರ್‌ಬೋರ್ಡ್ ಕೇಕಿನ ಮೇಲೆ ನನಗೆ ಇಷ್ಟು ಅಕ್ಕರೆ ಹುಟ್ಟಿರುವುದು ಇದೇ ಕಾರಣಕ್ಕೆ. ಅದರ ಅಂದವೆಲ್ಲ ಒಳಗಿರುತ್ತದೆ, ಪ್ರತಿ ತುಂಡಿಗೂ ಸಮಸಮನಾಗಿ ಹಂಚಿರುತ್ತದೆ. ಎಲ್ಲಿಂದ ಕೊಯ್ದರೂ, ಯಾರಿಗೆ ಕೊಟ್ಟರೂ ಅದೇ ಕಪ್ಪು ಬಿಳಿಯ ಚದುರಂಗದ ಮನೆಗಳು.

ಇದನ್ನು ಮಾಡುವ ಟಿನ್ನುಗಳು ಸೆಟ್ಟಾಗಿ ಸಿಗುತ್ತವೆ. ಒಂದೇ ಅಳತೆಯ ಮೂರು ದುಂಡು ತಟ್ಟೆ, ಸಾಮಾನ್ಯವಾಗಿ ಒಂಬತ್ತು ಇಂಚಿನವು. ಜೊತೆಗೆ ಒಂದು ಡಿವೈಡರ್, ಅಂದರೆ ಒಂದರೊಳಗೊಂದು ಕೂತ ಎರಡು ಬಳೆ, ಎತ್ತಲು ಹಿಡಿ. ಅದನ್ನು ತಟ್ಟೆಯೊಳಗಿಟ್ಟರೆ ನಡುವೆ ಒಂದು ಬಿಲ್ಲೆ, ಸುತ್ತ ಎರಡು ಉಂಗುರ ಏರ್ಪಡುತ್ತವೆ. ಎರಡು ತಟ್ಟೆಗಳಲ್ಲಿ ಹೊರಗೆ ಚಾಕೊಲೇಟ್, ನಡುವೆ ವೆನಿಲಾ, ಒಳಗೆ ಮತ್ತೆ ಚಾಕೊಲೇಟ್. ಮೂರನೆಯದರಲ್ಲಿ ಇದು ತಿರುವುಮುರುವು. ಬೆಂದ ಮೇಲೆ ಆ ಮೂರನೆಯದನ್ನು ಮಧ್ಯಕ್ಕಿಟ್ಟು ಪೇರಿಸಬೇಕು, ಅಷ್ಟೆ. ನೋಡಿದರೆ ಎಲ್ಲೆಲ್ಲೂ ದುಂಡು: ತಟ್ಟೆ ದುಂಡು, ಬಳೆ ದುಂಡು, ಕೇಕೂ ದುಂಡು. ಚಾಕು ನಡುವಿಗೆ ಇಳಿದರೆ ಮಾತ್ರ ಚೌಕಗಳು. ಉಂಗುರವನ್ನು ಕೇಂದ್ರದಿಂದ ಯಾವ ದಿಕ್ಕಿಗೆ ಸೀಳಿದರೂ ಕೊಯ್ದ ಮುಖ ಒಂದೇ ಅಗಲ. ಎಲ್ಲರಿಗೂ ಸಮಪಾಲು ಬರುವ ಗುಟ್ಟು ಇದೇ.

ಇದರಲ್ಲಿ ಅಡಗಿರುವ ಲೆಕ್ಕ ಇನ್ನೂ ಚೆಂದ. ಒಂಬತ್ತು ಇಂಚಿನ ತಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನಾಲ್ಕೂವರೆ ಇಂಚು. ಮೂರು ಸಮಪಾಲು ಮಾಡಿದರೆ ಒಂದೊಂದಕ್ಕೆ ಒಂದೂವರೆ. ಅಗಲ ಸಮ ಇದ್ದರೂ ಹಿಡಿಯುವ ಹಿಟ್ಟು ಸಮ ಅಲ್ಲ. ನಡುವಿನ ಬಿಲ್ಲೆಗೆ ಒಂದು ಪಾಲು ಹಿಡಿದರೆ ಅದರ ಸುತ್ತಿನದಕ್ಕೆ ಮೂರು, ಹೊರಗಿನದಕ್ಕೆ ಐದು. 1, 3, 5: ಬೆಸಸಂಖ್ಯೆಗಳು ಸಾಲಾಗಿ ಬಂದು ತಟ್ಟೆಯಲ್ಲಿ ಕೂತುಬಿಡುತ್ತವೆ. ಮೂರೂ ತಟ್ಟೆ ಸೇರಿ 27 ಪಾಲು. ಚಾಕೊಲೇಟ್ ಎರಡು ತಟ್ಟೆಗಳಲ್ಲಿ ಹೊರಗೆ ಬರುವುದಾದರೆ ಅದಕ್ಕೆ 15, ವೆನಿಲಾಕ್ಕೆ 12. ಅಂದರೆ ಐದಕ್ಕೆ ನಾಲ್ಕು. ಕೊಯ್ದ ತುಂಡಿನ ಮೇಲೂ ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಸೇರಿ ಒಂಬತ್ತು ಮನೆಗಳಲ್ಲಿ ಐದು ಕಪ್ಪು, ನಾಲ್ಕು ಬಿಳಿ! ಬೋಗುಣಿಯ ಲೆಕ್ಕವೂ ತುಂಡಿನ ಲೆಕ್ಕವೂ ಹೀಗೆ ತಾಳೆಯಾಗುವುದನ್ನು ಕಂಡರೆ ಶಾಲೆಯಲ್ಲಿ ಕಲಿತ ವೃತ್ತದ ಕ್ಷೇತ್ರಫಲದ ಸೂತ್ರದ ಮೇಲೆ ಪ್ರೀತಿ ಹುಟ್ಟುತ್ತದೆ. ಆದ್ದರಿಂದ ಹಿಟ್ಟನ್ನು ಅರ್ಧರ್ಧ ಮಾಡಬಾರದು. ತಕ್ಕಡಿಯಲ್ಲಿಟ್ಟು ಒಂಬತ್ತು ಪಾಲು ಮಾಡಿ ಐದನ್ನು ಒಂದು ಬಣ್ಣಕ್ಕೆ, ನಾಲ್ಕನ್ನು ಇನ್ನೊಂದಕ್ಕೆ ಎತ್ತಿಡಬೇಕು.

ಇನ್ನು ಹದ. ಈ ಕೇಕಿನ ಪ್ರಾಣ ಇರುವುದು ಅದರಲ್ಲಿ. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿ, ಉದ್ದಿನ ವಡೆಯ ಹಿಟ್ಟಿಗಿಂತ ತುಸು ಸಡಿಲ ಇರಬೇಕು. ಚಮಚದಿಂದ ಜಾರಬೇಕು, ಹರಿಯಬಾರದು. ಬೆಣ್ಣೆ ಹಾಕಿ ಮಾಡುವ ಕೇಕಿನ ಹಿಟ್ಟು ಇದಕ್ಕೆ ಸರಿ, ಬರೀ ಮೊಟ್ಟೆಯ ನೊರೆಯ ಮೇಲೆ ನಿಂತ ಹಗುರ ಸ್ಪಾಂಜು ಸಲ್ಲದು. ಕೋಕೋ ಪುಡಿ ನೀರು ಹೀರುತ್ತದೆ. ಅದನ್ನು ಹಾಗೇ ಸುರಿದರೆ ಆ ಬಣ್ಣದ ಹಿಟ್ಟು ಇನ್ನೊಂದಕ್ಕಿಂತ ಬಿಗಿಯಾಗುತ್ತದೆ. ಜರಡಿ ಹಿಡಿದು, ಬೆಚ್ಚಗಿನ ಹಾಲಿನಲ್ಲಿ ಕದಡಿ, ಗಂಟಿಲ್ಲದ ಮೇಲೆ ಸೇರಿಸಬೇಕು. ಎರಡೂ ಬೋಗುಣಿಯ ಹಿಟ್ಟು ಚಮಚದಿಂದ ಒಂದೇ ನಿಧಾನದಲ್ಲಿ ಇಳಿದರೆ ಹದ ಬಂತು ಎಂದರ್ಥ. ಮೊಟ್ಟೆ ಮುಟ್ಟದ ಮನೆಗಳಲ್ಲಿ ಮೊಸರು, ಕಂಡೆನ್ಸ್ಡ್ ಮಿಲ್ಕ್ ಹಾಕಿ ಮಾಡುವ ಹಿಟ್ಟಿಗೂ ಇದೇ ನಿಯಮ.

ಬಳೆ ಎತ್ತುವ ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಮೂರು ಕೋಣೆಗಳನ್ನೂ ಒಂದೇ ಮಟ್ಟಕ್ಕೆ, ತಟ್ಟೆಯ ಅರ್ಧದವರೆಗೆ ತುಂಬಿರುತ್ತೇವೆ. ಒಂದು ಕೋಣೆ ಹೆಚ್ಚು ತುಂಬಿದ್ದರೆ ಬಳೆ ತೆಗೆದೊಡನೆ ಅದು ಪಕ್ಕದ್ದರ ಮೇಲೆ ವಾಲುತ್ತದೆ. ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು, ತಿರುಗಿಸದೆ, ಓರೆ ಮಾಡದೆ, ನೆಟ್ಟಗೆ ಮೇಲಕ್ಕೆ ಎತ್ತುವುದು. ಬಳೆಯಿದ್ದ ಕಡೆ ದಾರದಷ್ಟು ತೆಳ್ಳಗಿನ ಸಂದು ಒಂದು ಕ್ಷಣ ಕಾಣುತ್ತದೆ. ಆಮೇಲೆ ಎರಡೂ ಕಡೆಯ ಹಿಟ್ಟು ಮೆಲ್ಲಗೆ ಸರಿದು ಒಂದನ್ನೊಂದು ಮುಟ್ಟುತ್ತವೆ. ಮುಟ್ಟುತ್ತವೆ, ಬೆರೆಯುವುದಿಲ್ಲ. ಒಲೆಯ ಶಾಖದಲ್ಲಿ ಎರಡೂ ಒಟ್ಟಿಗೆ ಉಬ್ಬಿ ಅಂಟಿಕೊಂಡು ಒಂದೇ ಕೇಕಾಗುತ್ತವೆ, ಬಣ್ಣದ ಗೆರೆ ಮಾತ್ರ ಹಾಗೇ ಉಳಿಯುತ್ತದೆ. ಬಳೆಯನ್ನು ತೊಳೆದು ಚೆನ್ನಾಗಿ ಒರೆಸಿಯೇ ಮುಂದಿನ ತಟ್ಟೆಗಿಡಬೇಕು. ಆ ಶ್ರದ್ಧೆ ಬೇಡುವ ಕೆಲಸ ಇದು, ಶ್ರದ್ಧೆಗೆ ತಕ್ಕ ಫಲ ಕೊಡುವ ಕೆಲಸವೂ ಹೌದು.

ಬೆಂದ ಮೇಲಿನದು ಬೇಗ ಮುಗಿಯುತ್ತದೆ. ಪೂರ್ತಿ ಆರಿದ ಮೇಲೆ ಉಬ್ಬಿದ ನೆತ್ತಿಯನ್ನು ಗರಗಸದ ಚಾಕುವಿನಿಂದ ಸಮ ಮಾಡಬೇಕು, ಇಲ್ಲವಾದರೆ ಚೌಕಗಳು ಬಾಗುತ್ತವೆ. ಪದರಗಳ ನಡುವೆ ಕ್ರೀಮು ತೆಳುವಾಗಿರಲಿ. ದಪ್ಪ ಬಳಿದರೆ ಚೌಕದ ಮೇಲೆ ಚೌಕ ಕೂರುವುದರ ಬದಲು ಪಟ್ಟೆಗಳಾಗಿ ಬೇರೆಯಾಗುತ್ತವೆ. ಹೊರಗೆ ಚಾಕೊಲೇಟ್ ಗನಾಶ್ ಹಚ್ಚಿ ಒಳಗಿನದನ್ನೆಲ್ಲ ಮುಚ್ಚಿಬಿಡುವುದು.

ಇದೇ ಸಮಪಾಲಿನ ಇನ್ನೊಂದು ಕೇಕು ಇಂಗ್ಲೆಂಡಿನ ಬ್ಯಾಟನ್‌ಬರ್ಗ್. ಅದು ಉದ್ದನೆಯದು: ಗುಲಾಬಿ ಮತ್ತು ಹಳದಿ ಬಣ್ಣದ ನಾಲ್ಕು ಪಟ್ಟಿಗಳನ್ನು ಏಪ್ರಿಕಾಟ್ ಜಾಮಿನಿಂದ ಅಂಟಿಸಿ ಬಾದಾಮಿಯ ಮಾರ್ಜಿಪಾನ್ ಹೊದಿಸುತ್ತಾರೆ. ಅದಕ್ಕೂ ಅಡ್ಡಗೋಡೆಗಳಿರುವ ಟಿನ್ನು ಉಂಟು. 1884ರಲ್ಲಿ ಬ್ಯಾಟನ್‌ಬರ್ಗಿನ ಪ್ರಿನ್ಸ್ ಲೂಯಿಗೂ ವಿಕ್ಟೋರಿಯಾ ರಾಣಿಯ ಮೊಮ್ಮಗಳಿಗೂ ಮದುವೆಯಾಯಿತು, ಕೇಕು ಹುಟ್ಟಿದ್ದು ಆಗಲೇ ಎಂದು ಹೇಳುವ ವಾಡಿಕೆ. ಆ ದಂಪತಿಯ ಕಿರಿಯ ಮಗನೇ ಭಾರತದ ಕೊನೆಯ ವೈಸ್‌ರಾಯ್ ಮೌಂಟ್‌ಬ್ಯಾಟನ್. ಆ ಕೇಕನ್ನೂ ಎಲ್ಲಿ ಕೊಯ್ದರೂ ಮುಖದ ಮೇಲೆ ಅವೇ ನಾಲ್ಕು ಚೌಕ.

ನಮ್ಮ ಊರುಗಳಿಗೆ ಕೇಕಿನ ರುಚಿ ಹತ್ತಿಸಿದ್ದರಲ್ಲಿ ಅಯ್ಯಂಗಾರ್ ಬೇಕರಿಗಳ ಪಾಲು ದೊಡ್ಡದು. ಗಾಜಿನ ಪೆಟ್ಟಿಗೆಯೊಳಗಿನ ಹನಿ ಕೇಕು, ಅದರ ಮೇಲಿನ ಕೆಂಪು ಜಾಮು, ಉದುರಿಸಿದ ಕೊಬ್ಬರಿ ನೋಡಿಯೇ ಬಾಯಲ್ಲಿ ನೀರೂರಿಸಿಕೊಂಡವರು ನಾವು. ಗಾಜಿನ ಹಿಂದೆ ಇಟ್ಟು ಮಾರುವುದಕ್ಕೆ ಮೇಲಿನ ಅಂದ ಬೇಕೇ ಬೇಕು. ಇಡೀ ಚೆಕರ್‌ಬೋರ್ಡ್ ಕೇಕನ್ನು ಅಲ್ಲಿಟ್ಟರೆ ಕಾಣುವುದು ಒಂದು ಕಂದು ಗುಂಡು. ಆದ್ದರಿಂದ ಇದು ಮನೆಯಲ್ಲೇ ಮಾಡಿ, ಮನೆಯಲ್ಲೇ ಕೊಯ್ದು ತಿನ್ನಬೇಕಾದ ಕೇಕು ಎಂದು ನನ್ನ ನಂಬಿಕೆ. ಟಿನ್ನು ಇಲ್ಲದಿದ್ದರೂ ತೊಂದರೆಯಿಲ್ಲ: ಎರಡು ಬಣ್ಣದ ಕೇಕು ಬೇರೆಬೇರೆ ಬೇಯಿಸಿ, ಮೂರಿಂಚು ಮತ್ತು ಆರಿಂಚು ಅಗಲದ ಸ್ಟೀಲ್ ಡಬ್ಬಿಗಳ ಬಾಯಿಂದ ಉಂಗುರ ಕತ್ತರಿಸಿ, ಅದಲುಬದಲು ಮಾಡಿ ಕೂರಿಸಬಹುದು. ಮನೆಯಲ್ಲಿ ಮುಂದೆ ಬರುವ ಹುಟ್ಟುಹಬ್ಬಕ್ಕೆ ಮಾಡಿ ನೋಡಿ. ಒಳಗೇನಿದೆ ಎಂದು ಯಾರಿಗೂ ಮೊದಲೇ ಹೇಳಬೇಡಿ. ಬಿಸಿನೀರಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ತುಂಡು ಮಾಡಿ, ಯಾರ ಕೈಗೆ ಮೊದಲು, ಯಾರ ಕೈಗೆ ಕೊನೆಗೆ ಎಂದು ಯೋಚಿಸದೆ ಹಂಚಿ. ಕೊನೆಗೆ ಬಂದ ಮಗುವಿನ ತಟ್ಟೆಯಲ್ಲೂ ಒಂಬತ್ತೇ ಚೌಕ ಇರುತ್ತವೆ.